ಲೈನ್ ಬಿಡಿ

ಮೂವತ್ತಾರು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕೆಲಸದ ಜಾಗದಲ್ಲಿ ಮಾತ್ರ ಮೇಡಂ. ಪಟ್ಟಣದ ಅಂಚಿನಲ್ಲಿದ್ದ ಕರೆಂಟಿನ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್ ಆಗಿ ಅವಳಿಗೆ ಹನ್ನೊಂದು ವರ್ಷ ತುಂಬಿತ್ತು. ಮದುವೆ ಮೂರನೇ ವರ್ಷಕ್ಕೇ ಮುರಿದು, ಎರಡು ಬ್ಯಾಗು ಹಿಡಿದು ಅಕ್ಕನ ಮನೆಗೆ ಬಂದವಳನ್ನು ಈ ಕೆಲಸದ ಪರೀಕ್ಷೆಗೆ ಕೂರಿಸಿದ್ದು ಭಾವ. ಅವನು ಅದೇ ಇಲಾಖೆಯಲ್ಲಿ ಲೈನ್‌ಮನ್. ಹಳೆಯ ಪುಸ್ತಕಗಳನ್ನು ಎಲ್ಲಿಂದಲೋ ಹೊತ್ತು ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿ, "ಅಳೋದಾದ್ರೆ ಓದ್ಕೊಂಡು ಅಳು" ಎಂದಿದ್ದ.

ಭಾವನಿಗೆ ಒಂದು ಚಟವಿತ್ತು. ‘ಲೈನ್’ ಎಂಬ ಒಂದು ಪದ ಸಿಕ್ಕರೆ ಸಾಕು, ದಿನವೆಲ್ಲ ಅದರಲ್ಲೇ ಕಳೆದುಬಿಡುತ್ತಿದ್ದ. ಅವರಿದ್ದದ್ದು ಇಲಾಖೆಯ ಲೈನ್ ಮನೆಗಳಲ್ಲಿ, ಒಂದೇ ಗೋಡೆಯ ಆಚೆ ಅಕ್ಕ ಭಾವ, ಈಚೆ ಪುಟ್ಟಿ. ಅಂಗಡಿಯ ಮುಂದೆ ಜನ ನಿಂತಿದ್ದರೆ ಅದು ಲೈನು. ಪಕ್ಕದ ಮನೆಯವನು ಕುಡಿತ ಬಿಟ್ಟರೆ ಲೈನಿಗೆ ಬಂದ. ಅಕ್ಕ ಹೊಲಿಗೆ ಕಲಿಯಲು ಹೋಗುತ್ತಿದ್ದ ಕಾಲದಲ್ಲಿ ಅವಳ ಹಿಂದೆ ಸುತ್ತಿದ್ದನ್ನು ನೆನೆಸಿಕೊಂಡು, "ನಿಮ್ಮಕ್ಕನಿಗೆ ಲೈನ್ ಹೊಡೆದೂ ಹೊಡೆದೂ ಅಭ್ಯಾಸ ಆಗಿ ಕಡೆಗೆ ಲೈನ್‌ಮನ್ನೇ ಆಗ್ಬಿಟ್ಟೆ" ಎನ್ನುತ್ತಿದ್ದ. ಅಕ್ಕ ಹೊಲಿಗೆ ಮೆಷಿನ್ನಿಂದ ತಲೆ ಎತ್ತದೆಯೇ, "ಸಾಕು, ನಿಮ್ಮ ಬಾಯಿಗೂ ಒಂದು ಸ್ವಿಚ್ ಇರ್ಬೇಕಿತ್ತು" ಎಂದು ಗದರುತ್ತಿದ್ದಳು.

ಕೆಲಸದ ಹೊತ್ತಿನಲ್ಲಿ ಮಾತ್ರ ಅವನು ಆ ಪದದ ಜೊತೆ ಆಡುತ್ತಿರಲಿಲ್ಲ. ಅಲ್ಲಿ ಅದಕ್ಕೊಂದು ಕ್ರಮವಿತ್ತು. ಕಂಬ ಹತ್ತುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳಬೇಕು. ಆಪರೇಟರ್ ಆ ಲೈನಿನ ಸ್ವಿಚ್ ತೆಗೆದು, ಅದರ ಮೇಲೆ ‘ಮುಟ್ಟಬೇಡಿ’ ಎಂಬ ಕೆಂಪು ಹಲಗೆ ನೇತುಹಾಕಿ, ಲಾಗ್ ಪುಸ್ತಕದಲ್ಲಿ ಸಮಯ ಬರೆದು, ಅವನಿಗೊಂದು ನಂಬರ್ ಕೊಡಬೇಕು. ಕೆಲಸ ಮುಗಿದ ಮೇಲೆ, ನಂಬರ್ ಪಡೆದವನೇ ಮತ್ತೆ ಫೋನ್ ಮಾಡಿ ಹೆಸರು ಹೇಳಬೇಕು, ನಂಬರ್ ಹೇಳಬೇಕು. ಆಮೇಲೆ ಮಾತ್ರ ಕರೆಂಟ್ ಬಿಡಬಹುದು.

ಮೊದಲ ಒಂದೆರಡು ವರ್ಷ ಪುಟ್ಟಿ ಇದನ್ನು ತಪ್ಪದೆ ನಡೆಸಿದಳು. ಆಮೇಲೆ ದನಿಗಳು ಪರಿಚಯವಾದವು. "ಮೇಡಂ, ಆಯ್ತು, ಬಿಡಿ" ಎಂದರೆ ಯಾರು, ಯಾವ ಕಂಬದ ಕೆಳಗೆ ನಿಂತಿದ್ದಾರೆ ಎಂದು ಗೊತ್ತಾಗಿಬಿಡುತ್ತಿತ್ತು. ದಿನಕ್ಕೆ ಹತ್ತು ಸಲ ಮಾತಾಡುವವರನ್ನು ಹೆಸರೇನು ಎಂದು ಕೇಳಲು ಅವಳಿಗೇ ನಾಚಿಕೆ. ಒಬ್ಬಿಬ್ಬರು ನಕ್ಕೂ ಇದ್ದರು. ಪುಸ್ತಕದಲ್ಲಿ ನಂಬರನ್ನು ಅವಳೇ ಆಮೇಲೆ ತುಂಬಿಸಿಕೊಳ್ಳತೊಡಗಿದಳು. ಭಾವ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನಾದಿನಿಯ ಜೊತೆ ಮಾತಾಡುತ್ತಿದ್ದರೂ ಹೆಸರು, ನಂಬರ್ ಒಪ್ಪಿಸಿಯೇ ಫೋನ್ ಇಡುತ್ತಿದ್ದ.

ಆ ದಿನ ಬೆಳಗ್ಗೆ ಹತ್ತೂಕಾಲಿಗೆ ಭಾವ ಮೂರನೇ ಲೈನನ್ನು ಕೇಳಿದ. ಗಿರಣಿ ರಸ್ತೆಯ ತಿರುವಿನ ಕಂಬದಲ್ಲಿ ತಂತಿಯನ್ನು ಹಿಡಿದಿಡುವ ಒಂದು ಪಿಂಗಾಣಿ ಬಟ್ಟಲು ಒಡೆದಿತ್ತು. "ಅರ್ಧ ಗಂಟೆ ಕೆಲಸ ಪುಟ್ಟಿ, ಮೀಸೆ ಜೊತೆಗಿದಾನೆ" ಎಂದ. ಮೀಸೆ ಎಂದರೆ ಭಾವನ ಜೊತೆ ಹದಿನೈದು ವರ್ಷದಿಂದ ಏಣಿ ಹೊರುತ್ತಿದ್ದ ಕಂಟ್ರಾಕ್ಟಿನ ಆಳು. ಐವತ್ತರ ಮೇಲಿನವನು, ಬಾಯಿ ಮುಚ್ಚುವಷ್ಟು ಮೀಸೆ, ಆ ಮೀಸೆಯೊಳಗಿಂದ ದಿನಕ್ಕೆ ನಾಲ್ಕು ಮಾತು ಹೊರಬಂದರೆ ಹೆಚ್ಚು. ಪುಟ್ಟಿ ಸ್ವಿಚ್ ತೆಗೆದಳು, ಹಲಗೆ ಹಾಕಿದಳು, ನಂಬರ್ ಕೊಟ್ಟಳು.

ಆಮೇಲೆ ಫೋನು ಬಡಿದುಕೊಳ್ಳಲು ಶುರುವಾಯಿತು. ಮೂರನೇ ಲೈನಿನಲ್ಲೇ ನೀರಿನ ಪಂಪುಗಳೂ ಇದ್ದವು, ಹೆರಿಗೆ ಆಸ್ಪತ್ರೆಯೂ ಇತ್ತು. ನೀರಿನವನು ನಾಲ್ಕು ಸಲ ಮಾಡಿದ. ಆಸ್ಪತ್ರೆಯಿಂದ ಒಬ್ಬಳು, "ಜನರೇಟರ್ ಕೈಕೊಟ್ಟಿದೆ ಮೇಡಂ, ಒಳಗೆ ಕೇಸ್ ಇದೆ" ಎಂದು ಅಳುವ ದನಿಯಲ್ಲಿ ಹೇಳಿದಳು. ಪುಟ್ಟಿ ಗಡಿಯಾರ ನೋಡುತ್ತ, "ಇನ್ನೇನು ಐದು ನಿಮಿಷ, ಇನ್ನೇನು ಬಂತು" ಎನ್ನುತ್ತಿದ್ದಳು. ಗೋಡೆಯುದ್ದಕ್ಕೂ ಆಳೆತ್ತರದ ಬೂದು ಪೆಟ್ಟಿಗೆಗಳು. ಒಂದೊಂದರ ಮೇಲೂ ಕರೆಂಟ್ ಹರಿಯುತ್ತಿದೆ ಎನ್ನುವ ಕೆಂಪು ದೀಪ ಉರಿಯುತ್ತಿದ್ದರೆ, ಮೂರನೆಯದರ ಮೇಲೆ ಮಾತ್ರ ಹಸಿರು. ಕಿಟಕಿಯಾಚೆ ಟ್ರಾನ್ಸ್‌ಫಾರ್ಮರುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು.

ಹತ್ತು ಐವತ್ತಕ್ಕೆ ಫೋನ್ ಬಂತು. ಗಂಡಸಿನ ದನಿ.

"ಮೇಡಂ, ಲೈನ್ ಕ್ಲಿಯರ್ ಆಯ್ತು. ಲೈನ್ ಬಿಡಿ."

"ಆಯ್ತಾ? ಸರಿ ಸರಿ" ಎಂದು ಫೋನ್ ಇಟ್ಟು, ಎದ್ದು ಹೋಗಿ ಕೆಂಪು ಹಲಗೆ ತೆಗೆದು ಸ್ವಿಚ್ ಹಾಕಿದಳು.

ಪೆಟ್ಟಿಗೆ ಢಣ್ ಎಂದಿತು. ಕೆಂಪು ದೀಪ ಹತ್ತಿದಷ್ಟೇ ಬೇಗ ಆರಿ ಮತ್ತೆ ಹಸಿರಾಯಿತು. ಲೈನು ಎಲ್ಲೋ ನೆಲಕ್ಕೆ ತಗುಲಿ ಸ್ವಿಚ್ಚು ತಾನಾಗಿ ಬಿದ್ದಿದೆ ಎಂದು ಅದರ ಅರ್ಥ. ಮರ ಬಿದ್ದರೂ ಹಾಗಾಗುತ್ತದೆ. ಆದರೆ ಕೆಲಸ ನಡೆಯುವಾಗ ಲೈನ್‌ಮನ್‌ಗಳು, ತಪ್ಪಿ ಕರೆಂಟ್ ಬಂದರೂ ಮಣ್ಣಿಗೆ ಹರಿದುಹೋಗಲಿ ಎಂದು, ತಾವೇ ತಂತಿಗೆ ಸರಪಳಿ ಸಿಕ್ಕಿಸಿ ನೆಲಕ್ಕೆ ಇಳಿಬಿಟ್ಟಿರುತ್ತಾರೆ. ಸರಪಳಿ ಇನ್ನೂ ಇದೆ ಎಂದರೆ ಮನುಷ್ಯ ಇನ್ನೂ ಮೇಲಿದ್ದಾನೆ. ಪುಟ್ಟಿ ಭಾವನ ಮೊಬೈಲಿಗೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೇ ಸಲ ಯಾರೋ ಎತ್ತಿ ಬರೀ ಏದುಸಿರು ಬಿಟ್ಟರು. ಮೀಸೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಬಿಡಬೇಡಿ ಮೇಡಂ, ಬಿಡಬೇಡಿ. ಅಣ್ಣ ಬೆಲ್ಟಲ್ಲಿ ನೇತಾಡ್ತಾವ್ರೆ" ಎಂದ ಮೀಸೆ.

ಸರಪಳಿ ಇದ್ದುದರಿಂದ ಭಾವನ ಜೀವ ಉಳಿಯಿತು. ಮೀಸೆ ಒಬ್ಬನೇ ಏಣಿ ಹತ್ತಿ, ಬೆಲ್ಟು ಬಿಚ್ಚಿ, ಅವನನ್ನು ಹೆಗಲ ಮೇಲೆ ಇಳಿಸಿಕೊಂಡು ಬಂದನಂತೆ. ಬಲಗೈ ಮೊಣಕೈವರೆಗೆ ಕರಕಲಾಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ, ಬದಲಿ ಆಪರೇಟರ್ ಇನ್ನೂ ಬಂದಿರಲಿಲ್ಲ, ಗೇಟಿನ ಹತ್ತಿರ ಒಬ್ಬ ಸೈಕಲ್ ನಿಲ್ಲಿಸಿ ಒಳಗೆ ಬಂದ. ಹೆಗಲಲ್ಲಿ ತಂತಿಯ ಸುರುಳಿ, ಕೈಯಲ್ಲಿ ಒಂದು ಚೀಟಿ. ಟೆಲಿಫೋನಿನವನು.

"ಮೇಡಂ, ಒಂದು ಸೈನ್ ಹಾಕ್ಬಿಡಿ. ನಿಮ್ಮ ಫೋನಲ್ಲಿ ಗೊರಗೊರ ಅನ್ನುತ್ತೆ ಅಂತ ನಿನ್ನೆ ಕಂಪ್ಲೇಂಟ್ ಬಂದಿತ್ತಲ್ಲ. ರಸ್ತೆ ಬಾಕ್ಸಲ್ಲೇ ಸರಿ ಮಾಡ್ದೆ. ಆಗಲೇ ಫೋನ್ ಮಾಡಿ ಹೇಳಿದ್ನಲ್ಲ."

ಪುಟ್ಟಿ ಅವನ ಮುಖವನ್ನೇ ನೋಡಿದಳು. ಹಿಂದಿನ ದಿನ ಅವಳಿಗೆ ರಜೆ. ಬೇರೆ ಪಾಳಿಯವರು ದೂರು ಕೊಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ.

"ಏನಂತ ಹೇಳಿದ್ರಿ?" ಎಂದು ಕೇಳಿದಳು.

"ಲೈನ್ ಕ್ಲಿಯರ್ ಆಯ್ತು ಅಂತ. ನಾನು ಇನ್ನೊಂದು ಸಲ ಚೆಕ್ ಮಾಡ್ಬೇಕಿತ್ತು, ಅದಕ್ಕೆ ಲೈನ್ ಬಿಡಿ ಅಂದೆ. ನೀವು ತಕ್ಷಣ ಇಟ್ರಲ್ಲ. ಯಾಕೆ ಮೇಡಂ, ಮತ್ತೆ ಸದ್ದು ಬರ್ತಿದೆಯಾ?"

"ಇಲ್ಲ" ಎಂದಳು ಪುಟ್ಟಿ. ಸಹಿ ಹಾಕಿದಳು. ಅವನು ಚೀಟಿಯ ಅರ್ಧ ಹರಿದು ಅವಳಿಗೆ ಕೊಟ್ಟು ಸೈಕಲ್ ಹತ್ತಿದ. ಅವಳು ಅದನ್ನು ಪರ್ಸಿನೊಳಗಿಟ್ಟುಕೊಂಡಳು.

ಸಂಜೆ ಇಂಜಿನಿಯರ್ ಬಂದ. ಅವಳಿಗಿಂತ ಚಿಕ್ಕವನು, ಒಳ್ಳೆಯವನೇ, ಆದರೆ ಆ ಹೊತ್ತು ಅವನ ಮುಖವೂ ಬಿಳಿಚಿಕೊಂಡಿತ್ತು. ಯಾರು ಫೋನ್ ಮಾಡಿದ್ದು ಎಂದು ಕೇಳಿದ. "ನಾನು ಮೀಸೆ ಅಂತ ತಿಳ್ಕೊಂಡೆ" ಎಂದಳು ಪುಟ್ಟಿ. ಅದು ನಿಜ. ಭಾವನಾಗಿದ್ದರೆ ಪುಟ್ಟಿ ಎನ್ನುತ್ತಿದ್ದ, ಈ ದನಿ ಮೇಡಂ ಎಂದಿತ್ತು, ಹಾಗಾಗಿ ಮೀಸೆಯೇ ಇರಬೇಕು ಎಂದು ಆ ಕ್ಷಣದಲ್ಲಿ ಅಂದುಕೊಂಡಿದ್ದಳು. ಆಮೇಲೆ ಅವಳು ಪರ್ಸಿನಿಂದ ಚೀಟಿ ತೆಗೆದು ಅವನ ಮುಂದಿಟ್ಟು, ಟೆಲಿಫೋನಿನವನು ಹೇಳಿದ್ದನ್ನೂ ಹೇಳಿದಳು.

ಅವನು ಅದನ್ನು ಎರಡು ಸಲ ಓದಿದ. ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಇದನ್ನ ಯಾರಾದ್ರೂ ನೋಡಿದಾರಾ?"

"ಇಲ್ಲ."

"ನೋಡಿ ಮೇಡಂ, ದಾರೀಲಿ ಹೋಗೋನ ಮಾತು ಕೇಳಿ ಸ್ವಿಚ್ ಹಾಕಿದ್ರಿ ಅಂದ್ರೆ ನಿಮ್ಮನ್ನ ಯಾರೂ ಉಳಿಸೋಕಾಗಲ್ಲ. ನಂದೂ ತಲೆ ಉರುಳುತ್ತೆ, ಪುಸ್ತಕ ಚೆಕ್ ಮಾಡ್ಬೇಕಾದೋನು ನಾನು. ಮೀಸೆ ಮಾಡಿದ ಅಂದ್ರೆ ಅದು ಬೇರೆ. ಸೈಟಲ್ಲಿದ್ದೋನು, ಅವನೇ ಅವಸರ ಮಾಡಿದ ಅಂತಾಗುತ್ತೆ. ಈ ಫೋನಲ್ಲಿ ಯಾವ ನಂಬರಿಂದ ಬಂತು ಅಂತ ಕಾಣೋದೂ ಇಲ್ಲ."

"ಆದ್ರೆ ಅವನು ಮಾಡಿಲ್ವಲ್ಲ ಸಾರ್."

"ನಿಮ್ಮನ್ನ ಸುಳ್ಳು ಹೇಳಿ ಅಂತಿಲ್ಲ. ಮೀಸೆ ಅಂತ ತಿಳ್ಕೊಂಡೆ ಅಂದ್ರಲ್ಲ, ಅಷ್ಟೇ ಬರ್ಕೊಡಿ. ಮುಂದಿಂದು ಹೇಳ್ಬೇಡಿ. ಅವನು ಕಂಟ್ರಾಕ್ಟಿನೋನು, ಇನ್ನೊಂದು ಕಡೆ ಸೇರ್ಕೋತಾನೆ. ನೀವು ಎಲ್ಲಿಗೆ ಹೋಗ್ತೀರಿ?"

ಪುಟ್ಟಿ ಅಷ್ಟನ್ನೇ ಬರೆದುಕೊಟ್ಟು, ಚೀಟಿಯನ್ನು ಮತ್ತೆ ಪರ್ಸಿಗೆ ಹಾಕಿಕೊಂಡಳು. ಬರೆದ ಒಂದು ಮಾತೂ ಸುಳ್ಳಾಗಿರಲಿಲ್ಲ. ಮಾರನೇ ದಿನದಿಂದ ಮೀಸೆಯನ್ನು ಕೆಲಸಕ್ಕೆ ಬರಬೇಡ ಎಂದರು.

ಮೂರನೇ ದಿನ ಭಾವನ ಬಲಗೈಯನ್ನು ಮೊಣಕೈಯಿಂದ ತೆಗೆದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ಪುಟ್ಟಿಯನ್ನು ತಬ್ಬಿಕೊಂಡು ಅತ್ತಳು. "ನಿನ್ನ ತಪ್ಪೇನಿದೆಯೇ, ಅವನು ಬಿಡಿ ಅಂದ, ನೀನು ಬಿಟ್ಟೆ" ಎಂದು ತಂಗಿಯ ಬೆನ್ನು ಸವರಿದಳು. ಪುಟ್ಟಿ ಈಗ ಹೇಳಬೇಕು ಎಂದುಕೊಂಡಳು. ಡಾಕ್ಟರು ಬಂದರು, ಅಕ್ಕ ಎದ್ದು ಹೋದಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮೀಸೆ ಪ್ರತಿದಿನ ಆಸ್ಪತ್ರೆಗೆ ಬರುತ್ತಿದ್ದ. ವಾರ್ಡಿನೊಳಗೆ ಹೋಗದೆ ಹೊರಗಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಅಕ್ಕ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಅವನು ಪುಟ್ಟಿಯ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು, "ಮೇಡಂ, ನಾನು ಫೋನ್ ಮಾಡ್ದೆ ಅಂತ ಅಂದ್ರಂತೆ" ಎಂದ.

ಪುಟ್ಟಿ ಪರ್ಸನ್ನು ಮಡಿಲಿಗೆ ಎಳೆದುಕೊಂಡಳು.

"ನನ್ ಹತ್ರ ಆಗ ಫೋನೇ ಇರ್ಲಿಲ್ಲ. ಅಣ್ಣಂದು ಕೆಳಗೆ ಚೀಲದಾಗಿತ್ತು. ಆದ್ರೂ ಎಲ್ರೂ ಅಂತಾವ್ರೆ. ನಂಗೇ ಒಂದೊಂದ್ಸಲ ಅನುಮಾನ ಬರುತ್ತೆ, ಮಾಡಿದ್ನೇನೋ ಅಂತ" ಎಂದ. ಅವನು ಅವಳನ್ನು ದೂರುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಪುಟ್ಟಿ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದಳು. ಸ್ಟಾಪಿನಲ್ಲಿ ನಿಂತಾಗ ಮೂರು ಬಸ್ಸು ಬಂದು ಹೋದವು, ಅವಳು ಯಾವುದನ್ನೂ ಹತ್ತಲಿಲ್ಲ.

ಹದಿನೆಂಟನೇ ದಿನ ಭಾವ ದಿಂಬಿಗೆ ಒರಗಿ ಕೂತಿದ್ದ. ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಮರುದಿನ ವಿಚಾರಣೆ.

"ಪುಟ್ಟಿ, ಬಾಗಿಲು ಹಾಕು" ಎಂದ ಭಾವ. ಅವಳು ಹಾಕಿ ಬಂದಳು.

"ಇಲಾಖೆಯೋರು ಬಂದು ನನ್ನ ಒಂದು ಮಾತು ಕೇಳಿದ್ರು, ಮೀಸೆ ಏನು ಮಾಡ್ತಿದ್ದ ಅಂತ. ಹಗ್ಗ ಹಿಡ್ಕೊಂಡಿದ್ದ ಅಂದೆ. ಎರಡೂ ಕೈಲಿ. ಮೇಲಿಂದ ನೋಡ್ತಿದ್ದೆ. ಅವರು ಬರ್ಕೊಳ್ಳಲೇ ಇಲ್ಲ. ಶಾಕ್ ಹೊಡೆದೋನಿಗೆ ನೆನಪು ಸರಿ ಇರಲ್ಲ ಅಂದ್ರು." ಅವನು ನೀರು ಕುಡಿಯಲು ಎಡಗೈ ಚಾಚಿದ. ಲೋಟ ಅವಳೇ ಎತ್ತಿಕೊಟ್ಟಳು. "ಹನ್ನೊಂದು ವರ್ಷದಲ್ಲಿ ಮೀಸೆ ಒಂದು ಸಲನಾದ್ರೂ ನಿನಗೆ ಫೋನ್ ಮಾಡಿದಾನಾ?"

"ಇಲ್ಲ ಭಾವ."

"ನಾನು ಮಾಡೋಕೆ ಬಿಟ್ಟಿಲ್ಲ. ಅದೊಂದು ಫೋನ್ ಮಾತ್ರ ನಾನೇ ಮಾಡ್ಬೇಕು. ಮತ್ತೆ ಆ ದಿನ ಅವನ ದನಿ ಹೆಂಗೆ ಕೇಳಿಸ್ತು ನಿನಗೆ?"

"ದನಿ ಕೇಳಿಸಿಕೊಳ್ಳಲೇ ಇಲ್ಲ ಭಾವ. ಲೈನ್ ಕ್ಲಿಯರ್ ಅನ್ನೋದು ಕೇಳಿಸ್ತು. ಅಷ್ಟಕ್ಕೇ ಎದ್ದೆ."

ಆಮೇಲೆ ಎಲ್ಲವನ್ನೂ ಹೇಳಿದಳು. ಟೆಲಿಫೋನಿನವನು, ಚೀಟಿ, ಇಂಜಿನಿಯರ್ ಹಾಕಿದ ಬಾಗಿಲು. ಭಾವ ಕಣ್ಣು ಮುಚ್ಚಿ ಕೇಳಿದ. ಅವಳು ಮುಗಿಸಿದ ಮೇಲೂ ತೆರೆಯಲಿಲ್ಲ.

"ನಿನ್ನ ಮುಖ ನೋಡೋಕಾಗ್ತಿಲ್ಲ. ಹೋಗು" ಎಂದ.

ವಿಚಾರಣೆ ನಡೆದದ್ದು ಕಚೇರಿಯ ಮೊದಲ ಮಹಡಿಯಲ್ಲಿ. ಉದ್ದ ಮೇಜು, ನೀರಿನ ಜಗ್ಗು, ಒಂದು ಕಾಲು ಕುಂಟುವ ಕುರ್ಚಿ. ಅಧಿಕಾರಿ ಸಣಕಲು ಮನುಷ್ಯ, ಕನ್ನಡಕ ಹಣೆಯ ಮೇಲೆ. ಪುಟ್ಟಿ ತನ್ನ ಸರದಿ ಬಂದಾಗ ಕುಳಿತುಕೊಳ್ಳಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು, "ಫೋನ್ ಮಾಡಿದ್ದು ಮೀಸೆ ಅಲ್ಲ ಸಾರ್. ಇದು ಮೊದಲ ದಿನದಿಂದ ನನಗೆ ಗೊತ್ತು" ಎಂದಳು. ಇಂಜಿನಿಯರ್ ಕಿಟಕಿಯ ಕಡೆ ತಿರುಗಿ ಕೂತ.

ವಿಚಾರಣೆಯನ್ನು ಮಧ್ಯಾಹ್ನಕ್ಕೆ ಮುಂದೂಡಿ ಟೆಲಿಫೋನಿನವನನ್ನು ಕರೆಸಿದರು. ಅವನಿಗೆ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ. ಸುದ್ದಿ ಕೇಳಿದ್ದ, ತನಗೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿರಲಿಲ್ಲ. ಕುಂಟು ಕುರ್ಚಿಯಲ್ಲಿ ಕೂತು ಬೆವರತೊಡಗಿದ.

"ಲೈನ್ ಅಂದ್ರೆ ಯಾವ ಲೈನು ಅಂತ ಹೇಳಿದ್ರಾ?" ಎಂದು ಅಧಿಕಾರಿ ಕೇಳಿದ.

"ನನಗಿರೋದು ಒಂದೇ ಲೈನಲ್ವಾ ಸಾರ್."

"ನೀವು ಯಾರು ಅಂತ?"

"ಎಲ್ಲರ ಮನೆಗೂ ಹೀಗೇ ಹೇಳ್ತೀನಿ ಸಾರ್. ಲೈನ್ ಕ್ಲಿಯರ್ ಆಯ್ತು, ಬಿಡಿ ಅಂತ. ಫೋನ್ ಇಡ್ತಾರೆ. ಇಪ್ಪತ್ತೆರಡು ವರ್ಷ ಆಯ್ತು." ಅವನು ಪುಟ್ಟಿಯ ಕಡೆ ತಿರುಗಿದ. "ಮೇಡಂ, ನಾನು ಸೈನ್ ಹಾಕಿಸ್ಕೊಳ್ಳೋಕೆ ಬಂದಾಗಲೇ ಒಂದು ಮಾತು ಹೇಳ್ಬಾರ್ದಿತ್ತಾ? ಮಾರನೇ ದಿನ ಇನ್ನೊಂದು ಮನೆಗೆ ಅದನ್ನೇ ಹೇಳ್ದೆನಲ್ಲ ಮೇಡಂ ನಾನು."

ಅಧಿಕಾರಿ ಅವನನ್ನು ಬೇಗ ಕಳಿಸಿಕೊಟ್ಟ. ಅವನ ಮಾತಿನಲ್ಲಿ ತಪ್ಪಿಲ್ಲ ಎಂದು ಬರೆದುಕೊಂಡ. ಪುಟ್ಟಿಗೆ ಎರಡೇ ಪ್ರಶ್ನೆ ಉಳಿದಿದ್ದವು. ಹೆಸರು ಕೇಳಿದಿರಾ? ನಂಬರ್ ಕೇಳಿದಿರಾ? ಎರಡಕ್ಕೂ ಇಲ್ಲ ಎಂದಳು. ಎಷ್ಟು ವರ್ಷದಿಂದ ಕೇಳುತ್ತಿಲ್ಲ ಎಂಬುದನ್ನು ಅವನು ಕೇಳದಿದ್ದರೂ ಅವಳೇ ಹೇಳಿದಳು.

ಅವಳನ್ನು ಅಂದೇ ಕೆಲಸದಿಂದ ಅಮಾನತು ಮಾಡಿದರು. ಇಂಜಿನಿಯರ್‌ಗೆ ದೂರದ ಕಡೆಗೆ ವರ್ಗವಾಯಿತು. ಮೀಸೆಗೆ ಕೆಲಸ ವಾಪಸ್ ಸಿಕ್ಕಿತು, ಆದರೆ ಅವನು ಮತ್ತೆ ಏಣಿ ಮುಟ್ಟಲಿಲ್ಲ. ಸ್ಟೋರಿನಲ್ಲಿ ತಂತಿ ತೂಗುವ ಕೆಲಸ ಕೇಳಿ ಪಡೆದ.

ಭಾವನನ್ನು ಅಂದು ಬೆಳಗ್ಗೆ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ವಿಚಾರಣೆಯ ಸುದ್ದಿ ಆಗಲೇ ಮುಟ್ಟಿ, ಅಕ್ಕ ಆ ಸಂಜೆ ಬಾಗಿಲಲ್ಲೇ ನಿಂತಿದ್ದಳು. ಪುಟ್ಟಿಯನ್ನು ಒಳಗೆ ಬಿಡಲಿಲ್ಲ.

"ಕೈ ಹೋಗಿದ್ದು ನಿನ್ನ ತಪ್ಪಿಂದ. ಅದನ್ನ ನುಂಗ್ಕೋತಿದ್ದೆ, ತಪ್ಪು ಯಾರಿಂದ್ಲೂ ಆಗುತ್ತೆ ಅಂತ. ಆದ್ರೆ ಹತ್ತೊಂಬತ್ತು ದಿನ ಆ ಮನುಷ್ಯನ ಮುಖ ನೋಡಿದ್ರೆ ನಾನು ಉಗೀತಿದ್ನಲ್ಲೇ. ನನ್ನ ಗಂಡನ್ನ ಹೊತ್ತು ಇಳಿಸಿದೋನು ಅವನು. ನೀನು ಪಕ್ಕದಲ್ಲೇ ಕೂತು ನೋಡ್ತಿದ್ದೆ. ಇದು ತಪ್ಪಲ್ಲ ಪುಟ್ಟಿ. ಇದಕ್ಕೆ ಏನಂತಾರೋ ನನಗೆ ಗೊತ್ತಿಲ್ಲ" ಎಂದಳು.

ಬಾಗಿಲು ಹಾಕಿಕೊಂಡಳು. ಗೋಡೆಯಾಚೆಯ ತನ್ನ ಮನೆಗೆ ಹೋಗಿ ಪುಟ್ಟಿ ದೀಪ ಹಾಕದೆ ಕೂತಳು. ಹೊಲಿಗೆ ಮೆಷಿನ್ನು ಓಡುವ ಸದ್ದು, ಭಾವನ ಕೆಮ್ಮು, ಪಾತ್ರೆಗಳ ಸದ್ದು ಎಲ್ಲವೂ ಕೇಳುತ್ತಿದ್ದವು. ಮಾತು ಮಾತ್ರ ಇರಲಿಲ್ಲ. ಮುಂದೆ ತಿಂಗಳುಗಟ್ಟಲೆ ಹೀಗೇ ನಡೆಯಿತು. ಎದುರಿಗೆ ಸಿಕ್ಕರೆ ಅಕ್ಕ ನೆಲ ನೋಡಿಕೊಂಡು ದಾಟುತ್ತಿದ್ದಳು. ಭಾವ ಅಂಗಿಯ ಬಲತೋಳನ್ನು ಮಡಚಿ ಪಿನ್ನು ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದ, ಅವಳ ಬಾಗಿಲಿನವರೆಗೆ ಬಂದು ಹಿಂದಿರುಗುತ್ತಿದ್ದ. ಮೊದಲಿನ ಹಾಸ್ಯ ಯಾವುದೂ ಇರಲಿಲ್ಲ.

ಪುಟ್ಟಿ ಒಮ್ಮೆ ಮೀಸೆಯ ಮನೆಗೆ ಹೋದಳು. ಅವನು ಅವಳನ್ನು ಕೂರಿಸಿ, ಟೀ ಕೊಟ್ಟು, ಎದುರಿಗೆ ಕೂತ. "ತಪ್ಪಾಯ್ತು" ಎಂದಾಗ, "ನಂಗೆ ಹುಚ್ಚು ಹಿಡಿದಿಲ್ಲ ಅಂತ ಗೊತ್ತಾಯ್ತಲ್ಲ ಮೇಡಂ, ಅಷ್ಟು ಸಾಕು" ಎಂದ. ಅವಳು ಹೊರಡುವಾಗ ಬಾಗಿಲವರೆಗೂ ಬರಲಿಲ್ಲ.

ಎಂಟನೇ ತಿಂಗಳಿಗೆ ಅವಳನ್ನು ಕೆಳಗಿನ ದರ್ಜೆಗೆ ಇಳಿಸಿ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಸ್ವಿಚ್ಚುಗಳ ಕೋಣೆಗೆ ಇನ್ನು ಕಾಲಿಡುವಂತಿಲ್ಲ. ಆದೇಶ ಕೈಗೆ ಬಂದ ವಾರದಲ್ಲೇ ಒಂದು ಭಾನುವಾರ, ಅಕ್ಕ ಗಿರಾಕಿಗಳಿಗೆ ಬಟ್ಟೆ ಕೊಡಲು ಹೋಗಿದ್ದಾಗ, ಗೋಡೆಯನ್ನು ಯಾರೋ ಮೂರು ಸಲ ತಟ್ಟಿದರು. ಪುಟ್ಟಿ ಥಟ್ಟನೆ ಎದ್ದಳು. ಚಪ್ಪಲಿ ಮೆಟ್ಟದೆ ಓಡಿದಳು.

ಭಾವ ಮೇಜಿನ ಮುಂದೆ ಕೂತಿದ್ದ. ಇಲಾಖೆಯಿಂದ ಬರಬೇಕಾದ ಪರಿಹಾರದ ಅರ್ಜಿ ಹಾಳೆಗಳು ಹರಡಿದ್ದವು. ಎಡಗೈಯಲ್ಲಿ ಪೆನ್ನು. ಬರೆಯಲು ಹೋದಾಗಲೆಲ್ಲ ಹಾಳೆ ಜಾರುತ್ತಿತ್ತು. ಒತ್ತಿ ಹಿಡಿಯಲು ಇನ್ನೊಂದು ಕೈಯಿಲ್ಲ. ಉಪ್ಪಿನ ಡಬ್ಬಿ ಇಟ್ಟು ನೋಡಿದ್ದ, ಅದೂ ಸರಿದು ಹೋಗಿತ್ತು. ಎರಡು ಹಾಳೆ ಹರಿದು ಮೂಲೆಗೆ ಬಿದ್ದಿದ್ದವು.

"ಇದನ್ನ ಹಿಡ್ಕೋ" ಎಂದ. ಅವಳ ಕಡೆ ನೋಡಲಿಲ್ಲ.

ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಹಾಳೆಯ ಎರಡೂ ತುದಿ ಒತ್ತಿ ಹಿಡಿದಳು. ಅವನು ಬರೆದ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ತನ್ನ ಹೆಸರು ಬರೆಯಲು ಒಂದು ನಿಮಿಷ ಹಿಡಿಯಿತು. ಅವನ ಹಣೆಯ ಮೇಲೆ ಬೆವರು ಮೂಡಿತು.

"ನಾನು ಬರ್ದುಕೊಡ್ಲಾ ಭಾವ?" ಎಂದು ಕೇಳಿದಳು.

"ಬೇಡ. ಅಲ್ಲಾಡಿಸ್ಬೇಡ."

ಎರಡನೇ ಪುಟದ ನಡುವಿನಲ್ಲಿರುವಾಗ ಅಕ್ಕ ಬಂದಳು. ಹೊಸ್ತಿಲಲ್ಲಿ ನಿಂತು ನೋಡಿದಳು. ಕೈಯಲ್ಲಿದ್ದ ಚೀಲವನ್ನು ಗೋಡೆಗೆ ಒರಗಿಸಿ ಅಡುಗೆಮನೆಗೆ ಹೋದಳು. ಎದ್ದು ಹೋಗಬೇಕೇನೋ ಎಂದು ಪುಟ್ಟಿಯ ಬೆರಳುಗಳು ಸಡಿಲವಾದವು.

"ಇನ್ನೂ ಎರಡು ಪುಟ ಇದೆ" ಎಂದ ಭಾವ.

ಅವಳು ಹಾಳೆಯನ್ನು ಮತ್ತೆ ಒತ್ತಿ ಹಿಡಿದಳು.